ಗುಂಡಮ್ಮ ತೊಳೆದಿಟ್ಟ ಮಡಕೆ ಚೂರು

ಹೊಲದಲ್ಲಿ ಹಳೆಯ ಮಡಕೆ ಚೂರು ಕಂಡರೆ ಮುಟ್ಟಬಾರದು. ಬಿದ್ದಲ್ಲೇ ಇರಬೇಕು, ಅಲ್ಲೇ ಅಳತೆ, ಅಲ್ಲೇ ಫೋಟೋ. ಕಾರ್ಖಾನೆ ಬರುವ ಮೊದಲು ಅಲ್ಲಿನ ನೆಲ ನೋಡಿ, ಹಳೇ ಕಾಲದ್ದೇನಾದರೂ ಇದೆಯೇ ಎಂದು ವರದಿ ಕೊಡುವುದು ನನ್ನ ಕೆಲಸ. ಹದಿನಾಲ್ಕು ವರ್ಷದಿಂದ ಬೀದರ, ಭಾಲ್ಕಿ, ಔರಾದ ಅಂತ ಬಸ್ಸಿನಲ್ಲಿ ತಿರುಗಿ ಈ ಒಂದೇ ಮಾತನ್ನು ಹೇಳಿ ಹೇಳಿ ಗಂಟಲು ಹೋಗಿದೆ. ಯಾರೂ ಕೇಳುವುದಿಲ್ಲ. ಆದರೆ ಸಂತಪುರದ ಗುಂಡಮ್ಮನಷ್ಟು ಶ್ರದ್ಧೆಯಿಂದ ಕೇಳದವರನ್ನು ನಾನು ನೋಡಿಲ್ಲ.

ಆಕೆಯ ಆರು ಎಕರೆ ಹೊಲದಲ್ಲಿ ಮೊದಲ ದಿನವೇ ಚೂರುಗಳು ರಾಶಿ ರಾಶಿ ಕಂಡವು, ತೆಳ್ಳಗಿನ ಕಪ್ಪು ಕೆಂಪು ಚೂರುಗಳು. ಬಸ್ಸಿನ ಹೊತ್ತಾಗಿತ್ತು, ಯಾರೂ ಮುಟ್ಟಬೇಡಿ ಎಂದು ಹೇಳಿ, ನಾಳೆ ಅಳೆದರಾಯಿತು ಎಂದು ಹೊರಟೆ. ಮರುದಿನ ಹೋದರೆ ಹೊಲ ಅಂಗಳದಂತೆ ಸ್ವಚ್ಛ! ಬದುವಿನ ಮೇಲೆ ಗುಂಡಮ್ಮ, ಪಕ್ಕದಲ್ಲಿ ಎರಡು ಬುಟ್ಟಿ. ಚೂರನ್ನೆಲ್ಲ ಆರಿಸಿ, ಬೂದಿ ಹಚ್ಚಿ ತಿಕ್ಕಿ ತೊಳೆದು, ದೊಡ್ಡವು ಒಂದರಲ್ಲಿ, ಸಣ್ಣವು ಇನ್ನೊಂದರಲ್ಲಿ ತುಂಬಿದ್ದಳು.

"ಬಿಸಲಾಗ ಬಗ್ಗಿ ಬಗ್ಗಿ ನೋಡ್ತಿದ್ರಿ. ಪಾಪ ಅನಸ್ತು, ಸೊಸಿನ್ನ ಕರಕೊಂಡು ಆರಿಸಿಟ್ಟೀನ್ರಿ."

ನಾನು ತಲೆಯ ಮೇಲೆ ಕೈ ಹೊತ್ತು ಅಲ್ಲೇ ಕೂತೆ. "ಅವ್ವಾ, ಇವು ಎಲ್ಲಿ ಬಿದ್ದಿದ್ವು ಅನ್ನೋದೇ ಬೇಕಿತ್ತರಿ ನನಗ!"

"ಎಲ್ಲಿ ಅಂದ್ರ? ಹೊಲದಾಗೇ ಇದ್ವಲ್ರಿ."

ಬೈಯಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಆಕೆ ಮೂಲೆಯ ಬೇವಿನ ಗಿಡದತ್ತ ಕೈ ತೋರಿಸಿದಳು. ಅಲ್ಲಿ ಅವಳ ಅತ್ತೆಯ ಸಮಾಧಿ. ಅವರ ಮಂದಿಯಲ್ಲಿ ಸತ್ತವರನ್ನು ಸ್ವಂತ ಹೊಲದಲ್ಲೇ ಹೂಳುತ್ತಾರೆ. ಬದುಕಿದ್ದಾಗ ಅತ್ತೆ ಸೊಸೆ ಉಪ್ಪಿಗೂ ಜಗಳ ಕಾದವರಂತೆ. ಈಗ ಪ್ರತಿ ಸೋಮವಾರ ಗುಂಡಮ್ಮ ವಿಭೂತಿ ಹಚ್ಚಿ, ಮನೆಯ ದೂರುಗಳನ್ನೆಲ್ಲ ಆ ಕಲ್ಲಿಗೆ ಹೇಳಿ ಬರುತ್ತಾಳೆ. ಮಗ ಸಿದ್ದೇಶ್ವರ ಭಾಲ್ಕಿಯಲ್ಲಿ ಗೊಬ್ಬರದ ಅಂಗಡಿ ಇಟ್ಟವನು, ಕಾರ್ಖಾನೆಗೆ ಹೊಲ ಕೊಡಲು ಆಗಲೇ ಸಹಿ ಹಾಕಿದ್ದ. ಇವಳನ್ನು ಯಾರೂ ಕೇಳಿರಲಿಲ್ಲ.

"ಹಳೇದು ಸಿಕ್ಕರ ನೆಲಾ ಮುಟ್ಟಂಗಿಲ್ಲ ಅಂತ ಮಂದಿ ಅಂತಾರ. ಅಂದ್ರ ನಮ್ಮತ್ತಿನ್ನೂ ಮುಟ್ಟಂಗಿಲ್ಲ, ಹೌದಲ್ರಿ?"

ಅದಕ್ಕೇ ಈ ಸಂಭ್ರಮ! ಉಳಿಸಬೇಕೆಂದು ಹೋಗಿ ಸಾಕ್ಷಿಯನ್ನೇ ತೊಳೆದಿಟ್ಟಿದ್ದಳು. ಬೈಗುಳ ಬಿಟ್ಟು ಕೇಳಿದೆ.

"ಸಮಾಧಿ ಸುತ್ತಲೂ ಆರಿಸಿದ್ರೇನು?"

"ಛೆ ಛೆ. ಅಲ್ಲಿ ನೇಗಿಲಾನೂ ಹಾಯಿಸಂಗಿಲ್ಲ. ಕೈ ಹಚ್ಚಿಲ್ರಿ."

ಓಡಿದೆ. ಗಿಡದ ಬುಡದಲ್ಲಿ ನಲವತ್ತಮೂರು ಚೂರು ಇದ್ದಲ್ಲೇ ಇದ್ದವು. ಒಂದು ದೊಡ್ಡ ಗಡಿಗೆಯ ಬಾಯಿ ಅರ್ಧ ಮಣ್ಣಿನಿಂದ ಹೊರಗಿತ್ತು. ಅಳೆದೆ, ಫೋಟೋ ತೆಗೆದೆ, ಕಾರ್ಖಾನೆಯವರು ಈ ತುಂಡು ನೆಲವನ್ನು ಮುಟ್ಟದೆ ಬಿಡಬೇಕು ಎಂದು ವರದಿ ಬರೆದೆ. ಅಷ್ಟಕ್ಕೇ ಸುಮ್ಮನಿರದೆ, "ಇನ್ನ ಚಿಂತಿ ಬ್ಯಾಡ್ರಿ ಅವ್ವಾ" ಎಂದು ಮಾತೂ ಕೊಟ್ಟೆ. ನನ್ನಂಥ ದಡ್ಡ ಇನ್ನೊಬ್ಬನಿಲ್ಲ.

ಇಪ್ಪತ್ತು ದಿನಕ್ಕೆ ಬೀದರದ ಮೇಲಧಿಕಾರಿಗಳಿಂದ ಪತ್ರ ಬಂತು. ಆ ಜಾಗ ಮಹತ್ವದ್ದು, ವರದಿ ಒಪ್ಪಿದ್ದೇವೆ, ಅಗೆದು ನೋಡಲಾಗುವುದು. ಅದಕ್ಕೂ ಮೊದಲು ಅಲ್ಲಿರುವ "ಇತ್ತೀಚಿನ ಸಮಾಧಿ"ಯನ್ನು ಕುಟುಂಬದವರು ಬೇರೆಡೆಗೆ ಸಾಗಿಸತಕ್ಕದ್ದು. ಗಡಿಗೆ ಉಳಿಯಬೇಕು, ಅತ್ತೆ ಎದ್ದು ಹೋಗಬೇಕು. ಆ ಪತ್ರ ಹಿಡಿದು ಔರಾದ ಬಸ್ಸಿನಲ್ಲಿ ದಾರಿಯುದ್ದಕ್ಕೂ ಹಲ್ಲು ಕಡಿದೆ.

ಗುಂಡಮ್ಮನಿಗೆ ಓದಿ ಹೇಳಿದೆ. ಆಕೆ ಅಳಲಿಲ್ಲ, ಕೂಗಾಡಲಿಲ್ಲ.

"ಇತ್ತೀಚಿನ ಅಂದ್ರ ಏನ್ರಿ?"

"ನೂರು ವರ್ಷ ಆಗದ್ದು ಹಳೇದಲ್ಲ ಅಂತ ಕಾನೂನು ಅವ್ವಾ."

ಆಕೆ ಬೆರಳು ಮಡಚಿ ಎಣಿಸಿದಳು. "ಅಕಿ ಹೋಗಿ ಹನ್ನೆರಡು ಆತು. ಇನ್ನ ಎಂಬತ್ತೆಂಟು ವರ್ಷ ತಡೀಲಿಕ್ಕ ಹೇಳ್ರಿ ಅವರಿಗಿ. ಬರೀರಿ ಸಾಹೇಬ್ರ."

ಅದನ್ನೇ ಬರೆದು ಬೀದರಕ್ಕೆ ಕಳಿಸಿದ್ದೇನೆ. ನಗುವವರು ನಗಲಿ.