ಎಣ್ಣೆಕ್ಕ ಹಾಕಿಸಿದ ಎಣ್ಣೆ

ಆಸ್ಪತ್ರೆಯ ವೀಲ್‌ಚೇರ್ ರಿಪೇರಿ ಕೋಣೆಯಲ್ಲಿ ಅವಳನ್ನು ಎಲ್ಲರೂ ಕರೆಯುವುದು ಎಣ್ಣೆಕ್ಕ ಎಂದೇ. ಹೊಸಬರು ಹಿಂದೆಮುಂದೆ ನೋಡಿದರೆ, "ಹಾಗೇ ಕರೀರಿ, ಕಷ್ಟಪಟ್ಟು ಗಳಿಸಿದ ಹೆಸರು" ಅನ್ನುತ್ತಾಳೆ.

ಕಾಲೇಜಿನಲ್ಲಿದ್ದಾಗ ಅವಳು ಸೇವಾ ತಂಡದ ನಾಯಕಿ. ಬಾಯಿಗೂ ಬಿಡುವಿಲ್ಲ, ಕೈಗೂ ಬಿಡುವಿಲ್ಲ. ಶನಿವಾರ ಇದೇ ಆಸ್ಪತ್ರೆಯಲ್ಲಿ ದುಡಿದು ಕೆಲಸ ಕಲಿಯುವುದೂ ಓದಿನ ಭಾಗವೇ ಆಗಿತ್ತು. ಮೊದಲ ದಿನವೇ ಹಳೆಯ ವೀಲ್‌ಚೇರುಗಳ ಸಾಲು ಕಂಡು, "ಕಿರುಗುಟ್ಟೋ ಕಡೆಯೆಲ್ಲ ಎಣ್ಣೆ ಬಿಡ್ರೋ, ಜಿಪುಣತನ ಬೇಡ" ಎಂದು ಅಪ್ಪಣೆ ಕೊಟ್ಟಳು. ತಂಡ ಮಹಾ ವಿಧೇಯ, ಬ್ರೇಕಿಗೂ ಬಿಟ್ಟಿತು.

ಮಧ್ಯಾಹ್ನ ಒಬ್ಬ ಮುದುಕರ ಕುರ್ಚಿ, ಬ್ರೇಕ್ ಹಾಕಿದ್ದರೂ, ಇಳಿಜಾರಿನಲ್ಲಿ ತಾನಾಗಿ ಹೊರಟು ಒಗೆಯುವ ಬಟ್ಟೆಯ ಗಂಟುಗಳಿಗೆ ತಾಗಿ ನಿಂತಿತು. ಸದ್ಯ, ಪೆಟ್ಟಾಗಲಿಲ್ಲ. "ಜೀವಮಾನವೆಲ್ಲ ಲಾರಿ ಓಡ್ಸಿದೀನಿ ಮಗಳೇ, ಬ್ರೇಕಿಲ್ಲದ ಗಾಡಿ ಇದೇ ಮೊದಲು" ಎಂದು ಅವರು ನಕ್ಕರು. ಹೆಡ್ ಸಿಸ್ಟರ್ ನಗಲಿಲ್ಲ.

"ಯಾರ ಕೆಲಸ ಇದು?"

ತಂಡಕ್ಕೆ ನೆಲ ನೋಡುವ ಕೆಲಸ ಬಿತ್ತು. ಅವಳೊಬ್ಬಳೇ ಮುಂದೆ ಬಂದಳು. "ಹಾಕಿದ್ದು ಅವರು, ಹಾಕ್ಸಿದ್ದು ನಾನು. ತಪ್ಪು ನಂದೇ ಸಿಸ್ಟರ್."

"ಹಾಗಾದ್ರೆ ಮುಂದಿನ ವಾರದಿಂದ ಯಾರೂ ಬರೋದು ಬೇಡ."

ಇಲ್ಲಿಂದ ಹೊರಬಿದ್ದರೆ ಎಲ್ಲರ ವರ್ಷವೂ ನೀರಿನಲ್ಲಿ ಹೋಮ. ಆದರೂ ಗೋಗರೆಯಲಿಲ್ಲ. "ಬರಲ್ಲ ಸಿಸ್ಟರ್. ಆದ್ರೆ ಕೆಡಿಸಿದ್ದನ್ನ ಸರಿಮಾಡೇ ಹೋಗ್ತೀವಿ."

ಸೋಪಿನ ನೀರಲ್ಲಿ ಟೈರು, ಬ್ರೇಕು ಉಜ್ಜಿದರು, ಒಣಗಿಸಿದರು, ನುಣುಪಾದ ಕಡೆ ಸ್ಯಾಂಡ್‌ಪೇಪರ್ ತಿಕ್ಕಿದರು. ಕೆಟ್ಟ ಮೇಲೆ ಬುದ್ಧಿ ಬಂತು, ಆದರೆ ಚೆನ್ನಾಗಿಯೇ ಬಂತು. ಒಂದೊಂದು ಕುರ್ಚಿಯನ್ನೂ ಇಳಿಜಾರಿಗೆ ತಂದು, ಬ್ರೇಕ್ ಹಾಕಿ, ತಾನೇ ಕೂತು ನೋಡಿದಳು. ಕೊನೆಯದರ ಸರದಿ ಬಂದಾಗ ಸಿಸ್ಟರ್ ಅವಳನ್ನು ಏಳಿಸಿ ತಾವೇ ಕೂತರು. ಕಾಲು ನೆಲದಿಂದೆತ್ತಿ ಪಾದದ ಹಲಗೆಯ ಮೇಲಿಟ್ಟುಕೊಂಡರು. ಹುಡುಗಿ ಹಿಡಿಕೆಯನ್ನು ಬಿಗಿಯಾಗಿ ಹಿಡಿದಿದ್ದಳು.

"ಕೈ ಬಿಡು."

ಬಿಟ್ಟಳು. ಕುರ್ಚಿ ಜಗ್ಗಲಿಲ್ಲ.

"ಮುಂದಿನ ಶನಿವಾರ ಮಂಚಗಳಿವೆ. ಎಣ್ಣೆ ಡಬ್ಬಿ ಮಾತ್ರ ನನ್ನ ಹತ್ರ ಇರುತ್ತೆ" ಅಂದರು ಸಿಸ್ಟರ್.

ಓದು ಮುಗಿದ ಮೇಲೆ ಅವಳನ್ನು ಇಲ್ಲಿಗೆ ಕೆಲಸಕ್ಕೆ ಕರೆದವರೂ ಅವರೇ. ಈಗ ಪ್ರತಿ ವರ್ಷ ಹೊಸ ತಂಡ ಬರುತ್ತದೆ. ಅವರು ರಿಪೇರಿ ಮಾಡಿದ ಮೊದಲ ಕುರ್ಚಿಯಲ್ಲಿ, ಇಳಿಜಾರಿನ ತುದಿಯಲ್ಲಿ, ಎಣ್ಣೆಕ್ಕ ಕಾಲು ಮೇಲಿಟ್ಟು ಕೂರುತ್ತಾಳೆ.

"ಹೂಂ, ಕೈ ಬಿಡಿ."