ಏಳು ಎಳೆಯ ಓಟ

ಅವರ ಬಲಗೈ ತೋರುಬೆರಳಿನ ಪಕ್ಕದಲ್ಲಿ ನೂಲು ಕೊರೆದ ತೆಳುವಾದ ಗೆರೆಯೊಂದಿತ್ತು. ನಕಾಶೆಯ ಮೇಲೆ ಉತ್ತರ ದಿಕ್ಕನ್ನು ಆ ಬೆರಳಿನಿಂದಲೇ ತೋರಿಸುತ್ತಿದ್ದರು.

ಅವರು ನಮ್ಮ ಶಾಲೆಯಲ್ಲಿ ಆಟ ಕಲಿಸಿದ ಅಕ್ಕೋರು. ನಮ್ಮೂರು ಗಜೇಂದ್ರಗಡದ ನೇಕಾರರ ಮನೆಯವರು. ನಿವೃತ್ತರಾದ ಮೇಲೆ ಪ್ರತಿ ಬೇಸಿಗೆಯ ರವಿವಾರಗಳಲ್ಲಿ ಹುಡುಗಿಯರಿಗಾಗಿ ನಕಾಶೆ ಓಟ ನಡೆಸುತ್ತಿದ್ದರು. ಹೆಚ್ಚಾಗಿ ನಮ್ಮೂರ ಪಾರ್ಕಿನಲ್ಲಿ, ಒಮ್ಮೊಮ್ಮೆ ರೋಣದಲ್ಲಿ, ನರಗುಂದದಲ್ಲಿ. ಸೀರೆಯ ಅಂಚಿನ ನಮೂನೆ ಬರೆಯುವ ಚೌಕದ ಕಾಗದದ ಮೇಲೆ ಪಾರ್ಕನ್ನು ಬಿಡಿಸುತ್ತಿದ್ದರು. ಒಂದು ಚೌಕಕ್ಕೆ ಹತ್ತು ಹೆಜ್ಜೆ. ಏಳು ಗಿಡಗಳಿಗೆ ಏಳು ಬಣ್ಣದ ನೂಲು ಕಟ್ಟಿರುತ್ತಿದ್ದರು. ಗಿಡ ಹುಡುಕಿ, ಒಂದೊಂದು ಎಳೆ ತೆಗೆದು, ಹಿಂದಿನ ಎಳೆಗೆ ಗಂಟು ಹಾಕಿಕೊಂಡು ಓಡಬೇಕು.

ಹದಿನಾಲ್ಕನೆಯ ವಯಸ್ಸಿನಲ್ಲಿ ನಾನೊಮ್ಮೆ ಎಲ್ಲರಿಗಿಂತ ಮೊದಲು ಬಂದೆ. ಅಕ್ಕೋರು ನೂಲನ್ನು ಎಳೆದರು. ನಾಲ್ಕನೆಯ ಗಂಟು ಬಿಚ್ಚಿಕೊಂಡಿತು.

"ಮೊದಲ ಬಂದಿ ಖರೇ. ಇಂಥಾ ಗಂಟು ಮಗ್ಗಕ್ಕ ಏರಿಸಿದ್ರ ಸೀರಿ ಆದಂಗ! ಹೋಗು, ನಾಕನೇ ಗಿಡದಿಂದ ಮತ್ತ ಕಟ್ಟಿಕೊಂಡು ಬಾ."

ಹೋಗಿ ಮತ್ತೆ ಗಂಟು ಹಾಕಿಕೊಂಡೆ. ಕೊನೆಯವಳಾಗಿ ಬಂದೆ. ಅವರು ಮತ್ತೆ ಎಳೆದು ನೋಡಿ, "ಈಗ ಯಾರ ಜಗ್ಗಿದ್ರೂ ಬಿಚ್ಚಂಗಿಲ್ಲ" ಎಂದರು.

ದಿನಾ ವಾಕಿಂಗಿಗೆ ಬಂದು ಬೇವಿನ ಗಿಡದ ಕೆಳಗಿನ ಬೆಂಚಿನ ಮೇಲೆ ಕೂರುವ ಹಿರಿಯರೊಬ್ಬರಿದ್ದರು. ಪಾರ್ಕಿನ ಬೀಗದ ಕೈ ಅವರ ಬಳಿಯೇ ಇರುತ್ತಿತ್ತು.

"ಅಕ್ಕೋರ, ದೊಡ್ಡ ಹುಡುಗ್ಯಾರು ಹಿಂಗ ಓಡೂದು ಚಲೋ ಕಾಣಂಗಿಲ್ರಿ."

"ನಿಮಗ ಚಲೋ ಕಾಣ್ಲಿ ಅಂತ ಓಡಾಕತ್ತಿಲ್ರಿ ಯಜಮಾನ್ರ. ಆಗಲಿಲ್ಲಂದ್ರ ಆ ಕಡೆ ಮುಖ ಮಾಡಿ ಕುಂದರ್ರಿ."

ಮುಂದಿನ ರವಿವಾರ ಗೇಟಿಗೆ ಬೀಗ ಬಿದ್ದಿತ್ತು. ಅಕ್ಕೋರು ಜಗಳಕ್ಕೆ ಹೋಗಲಿಲ್ಲ. ಗೇಟಿನ ಮುಂದೆಯೇ ಕುಳಿತು ನೇಕಾರರ ಓಣಿಯ ನಕಾಶೆ ಬರೆದರು. ಅಂದು ಏಳು ಮನೆಗಳ ಬಾಗಿಲಿಗೆ ನೂಲು ಕಟ್ಟಿದೆವು. ಮಗ್ಗ ನಿಲ್ಲಿಸಿ ಹೊರಗೆ ಬಂದ ಹೆಂಗಸರು, ಓಡುತ್ತಿದ್ದ ನಮ್ಮನ್ನು ಹೆಸರು ಹಿಡಿದು ಕೂಗಿ ಹುರಿದುಂಬಿಸಿದರು. ಅದರ ಮುಂದಿನ ವಾರ ಬೀಗ ತೆರೆದಿತ್ತು.

ಈ ಬೇಸಿಗೆಯ ಮೂರನೆಯ ಓಟಕ್ಕೆ ಒಂದು ದಿನ ಮೊದಲು ಅಕ್ಕೋರು ತೀರಿಕೊಂಡರು. ಮಣ್ಣು ಮುಗಿಸಿ ಬರುವಾಗ ಅದೇ ಹಿರಿಯರು ನನ್ನ ಬಳಿ ಬಂದು ಮೆಲ್ಲಗೆ, "ಇನ್ನ ಈ ಓಟ ಸಾಕ ಬಿಡವಾ. ನಡಸಾಕ ಯಾರದಾರ?" ಎಂದರು.

ಮರುದಿನ ಬೆಳಿಗ್ಗೆ ಆರಕ್ಕೆ ಪಾರ್ಕಿಗೆ ಹೋಗಿ ಏಳು ಗಿಡಗಳಿಗೆ ನೂಲು ಕಟ್ಟಿದೆ. ನಾಲ್ಕನೆಯದನ್ನು ಆ ಹಿರಿಯರು ಕೂರುವ ಬೆಂಚಿನ ಹಿಂದಿನ ಬೇವಿಗೆ ಕಟ್ಟಿ, ಜಗ್ಗಿ ನೋಡಿದೆ.