ನಿಲ್ಲು ಎನ್ನದ ಬೆನ್ನು

ಸಾಮಾನು ಸಾಗಿಸುವ ಕಂಪನಿಯಲ್ಲಿ ಅವನಿಗೆ ಕಂಬ ಎಂದೇ ಹೆಸರು. ಲಿಫ್ಟಿಲ್ಲದ ಕಟ್ಟಡಗಳಿಗೆ ಬೀರು, ಫ್ರಿಜ್ಜು ಹೊರುವಾಗ ಮೆಟ್ಟಿಲಿನ ಕೆಳಬದಿ ಅವನದು, ಮೇಲಿನ ತುದಿ ಅವನ ಹೆಂಡತಿಯ ತಮ್ಮನದು. ಭಾರವೆಲ್ಲ ಬೀಳುವುದು ಕೆಳಗಿನವನ ಮೇಲೆ. ಹಾಗಾಗಿ ಕೆಳಗಿನವನ ಬೆನ್ನಿನಲ್ಲಿ ಛಳಕು ಮೂಡಿದರೆ ಅವನು "ನಿಲ್ಲು" ಅನ್ನಬೇಕು, ಮೇಲಿನವನು ಮರುಮಾತಾಡದೆ ನಿಲ್ಲಬೇಕು. ಹಲವು ವರ್ಷ ಇಬ್ಬರ ಮೂಳೆ ಉಳಿಸಿದ್ದು ಆ ಒಂದೇ ಮಾತು.

ಒಮ್ಮೆ ಒದ್ದೆ ಮೆಟ್ಟಿಲಲ್ಲಿ ಕಾಲು ಜಾರಿ ಕಂಬನ ಸೊಂಟ ಹಿಡಿದುಕೊಂಡಿತು. ಕಂಪನಿಯ ಡಾಕ್ಟರು ಬೆನ್ನು ಮುಟ್ಟಿಯೂ ನೋಡಲಿಲ್ಲ. ಕಂಪನಿಯ ಲೆಕ್ಕದಲ್ಲಿ ನೋವಿನ ಮಾತ್ರೆ ಬರೆದುಕೊಟ್ಟು, "ಮಲಗಿದ್ರೆ ಮೈ ಇನ್ನೂ ಹಿಡಿಯುತ್ತೆ, ಕೆಲಸಕ್ಕೆ ಹೋಗಿ" ಎಂದರು. ಎಂಥ ಕಾಳಜಿ! ಮಾಲೀಕ ಆಡಬೇಕಾದ ಮಾತನ್ನು ಡಾಕ್ಟರು ಆಡಿದರೆ ಅದಕ್ಕೆ ಚಿಕಿತ್ಸೆ ಎನ್ನುತ್ತಾರೆ. ಗೋದಾಮಿನಲ್ಲಿ ಅರ್ಧ ಜನರ ಜೇಬಿನಲ್ಲಿದ್ದದ್ದೂ ಅದೇ ಮಾತ್ರೆ. ಚಹಾದ ಹೊತ್ತಿನಲ್ಲಿ ಅದು ಬೆಂಕಿಪೊಟ್ಟಣದಂತೆ ಕೈಯಿಂದ ಕೈಗೆ ಹೋಗುತ್ತಿತ್ತು.

ಮಾತ್ರೆ ಕೆಲಸ ಮಾಡಿತು, ಇಲ್ಲವೆನ್ನುವಂತಿಲ್ಲ. ನುಂಗಿದ ಸ್ವಲ್ಪ ಹೊತ್ತಿಗೆ ಸೊಂಟ ಇದೆಯೋ ಇಲ್ಲವೋ ಎಂಬಂತಾಗುತ್ತಿತ್ತು. ಒಂದು ಸಾಲದಾದಾಗ ಎರಡು ನುಂಗಿದ.

"ಕೂತಲ್ಲೇ ತೂಕಡಿಸ್ತೀರಲ್ಲ, ಇದೂ ಒಂದು ಔಷಧಾನಾ?" ಎಂದು ಹೆಂಡತಿ ಮಾತ್ರೆಗಳನ್ನು ಬಟ್ಟೆಗಂಟಿನಲ್ಲಿ ಬಚ್ಚಿಟ್ಟಳು. ಅವನು ಮನೆಯೆಲ್ಲ ಬುಡಮೇಲು ಮಾಡಿ ಹುಡುಕಿದ. ಸಿಕ್ಕ ಮೇಲೆ ನಾಚಿಕೆಯಾಯಿತು. ಆ ನಾಚಿಕೆಗೂ ಒಂದು ನುಂಗಿದ.

"ಭಾವ, ಈಗೀಗ ನೀವು ನಿಲ್ಲು ಅನ್ನೋದೇ ಇಲ್ಲ," ಎಂದು ಬಾಮೈದ ಒಂದು ದಿನ ನಕ್ಕ.

"ನೋವೇ ಇಲ್ವಲ್ಲೋ."

ಅದೇ ಮಧ್ಯಾಹ್ನ ಮಹಡಿಯ ತಿರುವಿನಲ್ಲಿ ಬೀರು ಸಿಕ್ಕಿಕೊಂಡಿತು. ಕಂಬನ ಬೆನ್ನು ಅರಚಿಕೊಂಡಿರಬೇಕು, ಅವನಿಗೆ ಗೊತ್ತಾಗಲಿಲ್ಲ. ಅವನು ನಿಲ್ಲು ಅನ್ನಲಿಲ್ಲ, ಬಾಮೈದ ನಿಲ್ಲಲಿಲ್ಲ. ಕಂಬನ ಕಾಲು ಇದ್ದಕ್ಕಿದ್ದಂತೆ ಮಡಚಿಕೊಂಡಿತು. ಭಾವನ ಮೇಲೆ ಬೀಳದಿರಲೆಂದು ಬೀರುವನ್ನು ಗೋಡೆಯತ್ತ ಎಳೆದ ಬಾಮೈದನ ಭುಜ ನಡುವೆ ಸಿಕ್ಕಿ ಜಜ್ಜಿಹೋಯಿತು.

ಕಂಬನ ಕೆಲಸ ಹೋಯಿತು. ಕೆಲಸವಿಲ್ಲದವನಿಗೆ ಕಂಪನಿಯ ಮಾತ್ರೆಯೂ ಇಲ್ಲವೆಂದರು. ಅಡಗಿದ್ದ ನೋವೆಲ್ಲ ಒಟ್ಟಿಗೆ ಮೇಲೆ ಬಿತ್ತು, ಜೊತೆಗೆ ನಡುಕ, ಬೆವರು. ಮಗುವಿನಂತೆ ಗೋಡೆಗೆ ಮುಖ ಮಾಡಿ ಅಳುತ್ತಿದ್ದ.

ಕೆಲವು ವಾರಗಳ ಮೇಲೆ ಬಾಮೈದ ನೋಡಲು ಬಂದ. ಭುಜಕ್ಕೆ ಇನ್ನೂ ಪಟ್ಟಿ ಕಟ್ಟಿತ್ತು. ಜೇಬಿನಿಂದ ತೆಗೆದದ್ದು ಅದೇ ಡಾಕ್ಟರು ಕೊಟ್ಟ ಅದೇ ಮಾತ್ರೆ.

"ಇದು ಒಳ್ಳೇದೇ ಅಲ್ವಾ ಭಾವ? ಸೋಮವಾರದಿಂದ ಬಾ ಅಂದಿದಾರೆ. ನಿಮ್ಮ ಜಾಗಕ್ಕೆ, ಕೆಳಗಡೆಗೆ."

ನಿಲ್ಲು ಅನ್ನಬೇಕಾದ ಹೊತ್ತು ಇದೇ ಎಂದು ಕಂಬನಿಗೆ ಚೆನ್ನಾಗಿ ಗೊತ್ತಿತ್ತು. ಹೆಂಡತಿ ಬಾಗಿಲಲ್ಲಿ ನಿಂತು ಅವನ ಬಾಯನ್ನೇ ನೋಡುತ್ತಿದ್ದಳು.

"ನನಗೂ ಒಂದು ಕೊಡೋ," ಎಂದು ಅವನು ಕೈ ಚಾಚಿದ.